ಐದನೆಯ ಬೆರಳು

ಸತ್ತವರು ಬಂದು ಮಾತಾಡಿಸಿದರು, ಮೈ ಮುಟ್ಟಿದರು ಎಂದೆಲ್ಲ ಯಾರಾದರೂ ಹೇಳಿದರೆ ಮುಖದ ಮೇಲೇ ನಕ್ಕುಬಿಡುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವಳಿಗೆ ಇವೆಲ್ಲ ಕಾಗಕ್ಕ ಗುಬ್ಬಕ್ಕನ ಕತೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನನಗೇ ಆದದ್ದನ್ನು ಆಗಿಲ್ಲ ಅನ್ನುವುದು ಹೇಗೆ? ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಆಮೇಲೆ ನೀವು ಏನು ಬೇಕಾದರೂ ಅಂದುಕೊಳ್ಳಿ.

ನಮ್ಮ ಯಜಮಾನರಿಗೆ ಸ್ಟ್ರಿಂಗ್ ಕ್ವಾರ್ಟೆಟ್ ಹುಚ್ಚು. ಎರಡು ಪಿಟೀಲು, ಅದಕ್ಕಿಂತ ಕೊಂಚ ದೊಡ್ಡದಾದ ವಿಯೋಲಾ, ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೊ, ಹೀಗೆ ನಾಲ್ಕೇ ಜನ ಕೂತು ನುಡಿಸುವ ಪಾಶ್ಚಾತ್ಯ ಸಂಗೀತ. ಮಾವನವರು ಅರಮನೆಯ ಬ್ಯಾಂಡಿನಲ್ಲಿ ಪಿಟೀಲು ನುಡಿಸಿದವರು, ಆ ರುಚಿ ಇವರಿಗೂ ಹತ್ತಿತ್ತು. ಯಾವಾಗಲಾದರೂ ಹೊರದೇಶದ ತಂಡ ಮೈಸೂರಿಗೆ ಬಂದರೆ ನಾವು ಅರ್ಧ ಗಂಟೆ ಮುಂಚೆಯೇ ಹೋಗಿ ಕೂತಿರುತ್ತಿದ್ದೆವು. ನಾನೋ ರಾಮನವಮಿಯ ಕಛೇರಿ ಕೇಳಿ ಬೆಳೆದವಳು. ಮೊದಲ ಸಲ ಹೋದಾಗ ಒಂದು ಭಾಗ ಮುಗಿದ ಕೂಡಲೇ ‘ಭಲೇ’ ಎಂದು ಗಟ್ಟಿಯಾಗಿ ಹೇಳಿ ಚಪ್ಪಾಳೆ ತಟ್ಟಿಬಿಟ್ಟೆ. ಇಡೀ ಸಭೆಯಲ್ಲಿ ಇನ್ನೊಂದು ಕೈ ಅಲ್ಲಾಡಲಿಲ್ಲ. ಆ ಸಂಗೀತದಲ್ಲಿ ಒಂದು ಕೃತಿಗೆ ಸಾಮಾನ್ಯವಾಗಿ ನಾಲ್ಕು ಭಾಗ, ನಾಲ್ಕೂ ಮುಗಿಯುವ ತನಕ ಕೇಳುವವರು ಉಸಿರೆತ್ತಬಾರದಂತೆ. ನುಡಿಸುವವರು ನನ್ನ ಕಡೆಯೇ ನೋಡಿದರು, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಸುಮ್ನಿರೇ, ಇನ್ನೂ ಮುಗಿದಿಲ್ಲ,” ಎಂದು ಇವರು ನನ್ನ ಬಲಗೈ ಹಿಡಿದುಕೊಂಡರು. ಅಂದಿನಿಂದ ಅದೇ ರೂಢಿಯಾಯಿತು. ನನ್ನ ಬಲಗಡೆ ಕೂತು ಕೈ ಹಿಡಿದುಕೊಳ್ಳುವುದು, ತಾಳ ಎಣಿಸುವ ಹಾಗೆ ಕಿರುಬೆರಳಿನಿಂದ ಶುರುಮಾಡಿ, ಒಂದೊಂದು ಭಾಗ ಮುಗಿದಾಗಲೂ ನನ್ನ ಒಂದೊಂದು ಬೆರಳನ್ನು ಒತ್ತುವುದು. ತೋರುಬೆರಳು ಒತ್ತಿ ಕೈ ಬಿಟ್ಟರೆ ಮುಗಿಯಿತು, ಇನ್ನು ಎಷ್ಟು ಬೇಕಾದರೂ ತಟ್ಟಿಕೋ ಎಂದು ಅರ್ಥ. ನಾಲ್ಕು ಜನರೆದುರು ಹೆಂಡತಿಯ ಕೈ ಹಿಡಿಯುವ ಪೈಕಿ ಅಲ್ಲ ಅವರು. ಧಾರೆ ಮಂಟಪ ಬಿಟ್ಟರೆ ಹಿಡಿದದ್ದು ಅಲ್ಲಿ ಮಾತ್ರ, ಅದೂ ನನ್ನ ಮೇಲಿನ ಅಪನಂಬಿಕೆಯಿಂದ. ಐದಾರು ಕಛೇರಿ ಕೇಳಿದ ಮೇಲೆ ಎಲ್ಲಿ ಮುಗಿಯುತ್ತದೆ ಎಂದು ನನಗೂ ಗೊತ್ತಾಗುತ್ತಿತ್ತು. ನಾನು ಅವರಿಗೆ ಹೇಳಲಿಲ್ಲ, ಅಷ್ಟೇ.

ಅವರು ತೀರಿಕೊಂಡದ್ದು ಆಸ್ಪತ್ರೆಯಲ್ಲಿ. ಆವತ್ತು ಬೆಳಗಿನಿಂದ ನನ್ನ ಕೈ ಹಿಡಿದುಕೊಂಡೇ ಮಲಗಿದ್ದರು. ಮಾತು ನಿಂತುಹೋಗಿತ್ತು, ಹಿಡಿತ ಮಾತ್ರ ಬಿಗಿಯಾಗಿತ್ತು. ಮಧ್ಯಾಹ್ನ ನರ್ಸ್ ಬಂದು, “ಅಮ್ಮ, ಬೆಳಗ್ಗಿಂದ ಏನೂ ತಗೊಂಡಿಲ್ಲ ನೀವು. ಕೆಳಗೋಗಿ ಒಂದ್ಲೋಟ ಕಾಫಿ ಕುಡ್ಕೊಂಡ್ ಬನ್ನಿ, ನಾನಿರ್ತೀನಿ,” ಅಂದಳು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎದ್ದುಹೋದೆ. ಲೋಟ ಕೆಳಗಿಡುವುದರೊಳಗೆ ಮೇಲಿನಿಂದ ಕರೆ ಬಂತು. ಒಂದು ಲೋಟ ಕಾಫಿಗೋಸ್ಕರ ಕೈ ಬಿಡಿಸಿಕೊಂಡೆನಲ್ಲ ಅನ್ನುವ ಸಂಕಟ ಆಮೇಲೆ ಒಂದು ದಿನವೂ ನನ್ನನ್ನು ಬಿಡಲಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಕಾಫಿ ಕುಡಿಯುವುದನ್ನು ನಿಲ್ಲಿಸಿದೆ.

ಒಂದೂವರೆ ವರ್ಷವಾದ ಮೇಲೆ ಜಯಲಕ್ಷ್ಮಿಪುರಂನ ಒಂದು ಸಣ್ಣ ಸಭಾಂಗಣದಲ್ಲಿ ಹೊರದೇಶದ ತಂಡವೊಂದರ ಕಛೇರಿ ಇತ್ತು. ಅಣ್ಣನ ಮಗಳು ಸುಮನಾ ಹಿನಕಲ್‌ನಿಂದ ಸ್ಕೂಟರಿನಲ್ಲಿ ಬಂದು, “ಏಳಿ ಅತ್ತೆ, ಸೀರೆ ಉಟ್ಕೊಳ್ಳಿ. ಎಷ್ಟ್ ದಿನ ಅಂತ ಹಿಂಗೇ ಕೂತಿರ್ತೀರ,” ಎಂದು ಬಲವಂತ ಮಾಡಿ ಹೊರಡಿಸಿದಳು. ಅಲ್ಲಿ ಅವಳು ನನ್ನ ಎಡಕ್ಕೆ ಕೂತಳು. ಬಲಗಡೆಯ ಕುರ್ಚಿಯಲ್ಲಿ ಬೇರೆ ಯಾರೂ ಕೂರದಿರಲಿ ಎಂದು ನಾನೇ ನನ್ನ ಚೀಲ ಇಟ್ಟೆ. ಬಾಗಿಲಲ್ಲಿ ಕೊಟ್ಟ ಹಾಳೆಯಲ್ಲಿ ನಾಲ್ಕು ಭಾಗಗಳ ಹೆಸರು ಅಚ್ಚಾಗಿತ್ತು.

ಮೊದಲ ಭಾಗ ಮುಗಿದು ಸಭೆ ನಿಶ್ಶಬ್ದವಾಯಿತು. ನನ್ನ ಬಲಗೈಯ ಕಿರುಬೆರಳನ್ನು ಯಾರೋ ಮೆತ್ತಗೆ ಒತ್ತಿದರು. ಬೆಚ್ಚಿ ತಿರುಗಿದೆ, ಚೀಲ ಬಿಟ್ಟರೆ ಏನೂ ಇಲ್ಲ. ಹಳೆಯ ಅಭ್ಯಾಸ, ಮನಸ್ಸಿನ ಆಟ ಎಂದುಕೊಂಡೆ. ಎರಡನೆಯದು ಮುಗಿದಾಗ ಉಂಗುರದ ಬೆರಳು, ಮೂರನೆಯದಕ್ಕೆ ನಡುಬೆರಳು. ಹೆದರಿಕೆ ಆಯಿತೇ ಎಂದು ಕೇಳುತ್ತೀರೇನೋ. ಇಲ್ಲ, ಆಗಲಿಲ್ಲ. ಅಂಗೈ ಬೆಚ್ಚಗಿತ್ತು. ಕಣ್ಣು ತುಂಬಿಬಂದು ವೇದಿಕೆಯೇ ಸರಿಯಾಗಿ ಕಾಣುತ್ತಿರಲಿಲ್ಲ.

ನಾಲ್ಕನೆಯ ಭಾಗ ಮುಗಿದು ತೋರುಬೆರಳಿನ ಸರದಿಯೂ ಆಯಿತು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು, ಕೆಲವರು ಎದ್ದೂ ನಿಂತರು. “ಮುಗೀತು ಅತ್ತೆ,” ಎಂದು ಸುಮನಾ ನನ್ನ ಮೊಣಕೈ ತಟ್ಟಿದಳು. ಕೈ ಎತ್ತಲು ನೋಡಿದೆ, ಆಗಲಿಲ್ಲ. ಹಿಡಿತ ಸಡಿಲವಾಗಿರಲಿಲ್ಲ. ಅಷ್ಟರಲ್ಲಿ ವೇದಿಕೆಯ ಮೇಲಿದ್ದ ನಾಲ್ವರೂ ಮುಗುಳ್ನಕ್ಕರು, ಚಪ್ಪಾಳೆ ಅಡಗುವ ತನಕ ಕಾದು ಮತ್ತೆ ಶುರುಮಾಡಿದರು. ಇನ್ನೊಂದು ಭಾಗವಿತ್ತು. ಬಹಳ ನಿಧಾನದ್ದು. ಒಂದೊಂದೇ ವಾದ್ಯ ಸುಮ್ಮನಾಗುತ್ತ ಬಂದು ಕೊನೆಗೆ ಚೆಲ್ಲೊ ಮಾತ್ರ ಉಳಿಯಿತು, ಅದೂ ನಿಂತಿತು. ಆಗ ನನ್ನ ಹೆಬ್ಬೆರಳನ್ನು ಒತ್ತಿದರು. ಅಷ್ಟು ವರ್ಷದಲ್ಲಿ ಆ ಬೆರಳಿನ ಸರದಿ ಒಂದು ಸಲವೂ ಬಂದಿರಲಿಲ್ಲ. ಆಮೇಲೆ ಮೆಲ್ಲಗೆ ಕೈ ಬಿಟ್ಟರು.

ಹೊರಗೆ ಬರುವಾಗ ಸಂಘಟಕರೊಬ್ಬರು ಬಾಗಿಲಲ್ಲಿ ನಿಂತು, “ಅಚ್ಚಲ್ಲಿ ಒಂದ್ ಭಾಗ ಬಿಟ್ಟೋಗಿದೆ ಕಣ್ರೀ, ತಪ್ಪು ತಿಳ್ಕೋಬೇಡಿ,” ಎಂದು ಹೇಳುತ್ತಿದ್ದರು. ಸುಮನಾ ನನ್ನನ್ನೇ ನೋಡಿದಳು. “ಅಷ್ಟು ಜನದಲ್ಲಿ ನೀವೊಬ್ರೇ ಚಪ್ಪಾಳೆ ತಟ್ಟಲಿಲ್ಲ. ಹೆಂಗ್ ಗೊತ್ತಾಯ್ತು ಅತ್ತೆ?”

“ನಿಮ್ಮ ಮಾವ ಕಲಿಸಿದ್ದು,” ಎಂದೆ.

ಕೈ ಜೋಮು ಹಿಡಿದಿರಬೇಕು, ವಯಸ್ಸಾದ ಮೇಲೆ ನರಗಳ ತೊಂದರೆ ಇದ್ದದ್ದೇ ಎಂದರು ನಮ್ಮ ಡಾಕ್ಟರು. ಇರಬಹುದು. ನಾಲ್ಕು ಬೆರಳಿಗೆ ಆ ಲೆಕ್ಕ ಸರಿಹೋಗುತ್ತದೆ. ಐದನೆಯ ಭಾಗವೊಂದು ಇದೆ ಎಂದು ನನ್ನ ನರಕ್ಕೆ ಯಾರು ಹೇಳಿದರು? ಇದಾಗಿ ಎಷ್ಟೋ ವರ್ಷವಾಯಿತು, ಉತ್ತರ ಸಿಕ್ಕಿಲ್ಲ. ಆಮೇಲೂ ಎಷ್ಟೋ ಸಲ ಬಲಗಡೆ ಚೀಲ ಇಟ್ಟು, ಕೈ ಚಾಚಿ ಕೂತಿದ್ದೇನೆ. ಏನೂ ಆಗಲಿಲ್ಲ. ಅದಕ್ಕೆ ಬೇಸರವೂ ಇಲ್ಲ. ನಾನು ನಡುವೆಯೇ ಬಿಡಿಸಿಕೊಂಡಿದ್ದ ಕೈಯನ್ನು ಅವರು ಆ ಸಂಜೆ ಮುಗಿಯುವ ತನಕ ಹಿಡಿದಿದ್ದರು, ಮುಗಿದ ಮೇಲೆ ಅವರೇ ಬಿಟ್ಟರು.

ಆವತ್ತು ಮನೆಗೆ ಬಂದವಳೇ ಅಟ್ಟದ ಮೇಲಿಟ್ಟಿದ್ದ ಫಿಲ್ಟರ್ ಇಳಿಸಿ, ತೊಳೆದು, ದಾರಿಯಲ್ಲಿ ಕೊಂಡುತಂದ ಕಾಫಿಪುಡಿ ಹಾಕಿದೆ.