ಬಿಚ್ಚಿಟ್ಟ ಪೈಪಿನ ಬಡಿತ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಾನು ಹಬೆ ಪೈಪುಗಳ ನಡುವೆ ಬದುಕಿದ ಫಿಟ್ಟರ್. ಪೈಪು ನರಳುತ್ತದೆ, ಸೀಟಿ ಹೊಡೆಯುತ್ತದೆ, ಯಾರೋ ಸುತ್ತಿಗೆ ಹಿಡಿದು ಬಡಿದಂತೆ ಸದ್ದು ಮಾಡುತ್ತದೆ. ಎಲ್ಲಕ್ಕೂ ಕಾರಣ ಸಿಕ್ಕಿಕೊಂಡ ಗಾಳಿ, ಇಲ್ಲವೇ ನಿಂತ ನೀರು. ಹಗ್ಗ ಕಂಡು ಹಾವೆನ್ನುವವರಿಗೆ ಇದನ್ನೇ ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಅದು ನಡೆದದ್ದು ಅಮಾವಾಸ್ಯೆಯ ರಾತ್ರಿಯಲ್ಲೂ ಅಲ್ಲ, ಹಾಡಹಗಲಿನಲ್ಲಿ.

ನಮ್ಮವರು ಸರಗೂರು ಕಡೆಯಿಂದ ವಯನಾಡಿಗೆ ಬಂದು ಬಾವಲಿಯಲ್ಲಿ ನೆಲೆಸಿದವರು. ನಕ್ಸಲರ ಹೆಸರು ಕೇಳಿದರೆ ಜಮೀನ್ದಾರರು ಹಗಲಲ್ಲೇ ಅಗುಳಿ ಹಾಕಿಕೊಳ್ಳುತ್ತಿದ್ದ ಕಾಲ ಅದು. ಕಾಡಿನವರ ಹಾಡಿಯಲ್ಲಿ ನಾಯಿ ಬೊಗಳಿದರೂ ಪೊಲೀಸರು ಬರುತ್ತಿದ್ದರು. ಪಯ್ಯಂಪಳ್ಳಿಯ ಆಚೆಗಿನ ಒಂದು ಟೀ ಎಸ್ಟೇಟಿನಲ್ಲಿ ನನ್ನ ಗೆಳೆಯ ಬೊಮ್ಮ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅವನ ಹಾಡಿಯವರು ಉಳುತ್ತಿದ್ದ ಗದ್ದೆಗೆ ಎಸ್ಟೇಟಿನವರು ಬೇಲಿ ಹಾಕಿದಾಗ ಅದನ್ನು ಕಿತ್ತವರಲ್ಲಿ ಅವನೂ ಒಬ್ಬ. ಸ್ವಲ್ಪ ದಿನಕ್ಕೆ ಬೊಮ್ಮ ಕಾಣೆಯಾದ. ನಕ್ಸಲರ ಜೊತೆ ಓಡಿಹೋದ ಎಂದು ಮ್ಯಾನೇಜರ್ ಎಲ್ಲರಿಗೂ ಸಾರಿದ. ಬೊಮ್ಮನ ಹೆಂಡತಿ ಕೆಂಪಿ ನಂಬಲಿಲ್ಲ. ಗಂಡ ಸತ್ತಿದ್ದರೆ ಮಣ್ಣು ಮಾಡಬೇಕು, ಬದುಕಿದ್ದರೆ ಕಾಯಬೇಕು. ಎರಡಕ್ಕೂ ದಾರಿಯಿಲ್ಲದೆ ಅವಳು ಮೊದಲಿನಂತೆ ಅದೇ ಬಾಯ್ಲರಿಗೆ ಸೌದೆ ಹಾಕುತ್ತ ಉಳಿದಳು.

ಮ್ಯಾನೇಜರನ ಬಂಗಲೆಯನ್ನು ಚಳಿ ತಾಳಲಾರದ ಯಾವನೋ ಇಂಗ್ಲಿಷಿನವನು ಕಟ್ಟಿಸಿದ್ದ. ಫ್ಯಾಕ್ಟರಿಯ ಬಾಯ್ಲರಿನಿಂದ ಒಂದು ಪೈಪಿನಲ್ಲಿ ಹಬೆ ಬಂದು ಕೋಣೆಕೋಣೆಯ ಕಬ್ಬಿಣದ ರೇಡಿಯೇಟರನ್ನು ಕಾಯಿಸುತ್ತಿತ್ತು. ತಣಿದು ನೀರಾದದ್ದೂ ಒಳಗಿನ ಗಾಳಿಯೂ ಇನ್ನೊಂದು ಪೈಪಿನಲ್ಲಿ ವಾಪಸು ಹೋಗುತ್ತಿದ್ದವು. ಗಾಳಿ ಹೊರಗೆ ಹೋಗದಿದ್ದರೆ ಹಬೆ ಒಳಗೆ ಬರುವುದಿಲ್ಲ, ಇಷ್ಟೇ ಅದರ ಮರ್ಮ. ಮಳೆಗಾಲದಲ್ಲಿ ಬಂಗಲೆ ಬಿಸಿಯಾಗುತ್ತಿಲ್ಲ ಎಂದು ನನ್ನನ್ನು ಕರೆಸಿದರು. ಆ ಮ್ಯಾನೇಜರ್ ಚಳಿಯಲ್ಲಿ ನಡುಗಿ ಸಾಯಲಿ ಎಂದೇ ನನ್ನ ಆಸೆ. ಆದರೂ ಹೋದೆ, ಕೆಂಪಿಯನ್ನು ನೋಡಿದ ಹಾಗೂ ಆಗುತ್ತದೆಂದು.

ಬಾಯ್ಲರ್ ಮನೆಯಲ್ಲಿ, ವಾಪಸು ಪೈಪಿನ ಕೊನೆಗಿದ್ದ ಗಾಳಿ ಬಿಡುವ ವಾಲ್ವು ತುಕ್ಕು ತಿಂದು ಕಚ್ಚಿಕೊಂಡಿತ್ತು. ಅದನ್ನು ಬದಲಾಯಿಸುತ್ತಿರುವಾಗ ಕೆಂಪಿ ಮಾತು ತೆಗೆದಳು. ಫಿಟ್ಟರು ದೂರದ ಕೋಣೆಯಲ್ಲಿದ್ದರೆ ಪೈಪು ಬಡಿದು ಬಾಯ್ಲರಿನವರಿಗೆ ಸನ್ನೆ ಕೊಡುವುದು ನಮ್ಮಲ್ಲಿ ರೂಢಿ. ಎರಡು ಏಟು, ತುಸು ತಡೆದು ಇನ್ನೊಂದು ಕೊಟ್ಟರೆ, ಹಬೆ ನಿಲ್ಲಿಸು ಎಂದರ್ಥ.

"ಅವ್ನು ಕಾಣೆಯಾದ ದಿವ್ಸ ಬಂಗ್ಲೆ ಪೈಪಲ್ಲಿ ಬಡೀತು ಅಣ್ಣಾ. ನಿಲ್ಸು, ನಿಲ್ಸು ಅಂತ. ಅಲ್ಲೇನೋ ಪೈಪಿನ ಪಣಿ ಮಾಡ್ತಾವ್ನೆ ಅಂತ ನಾನು ಹಬೆ ನಿಲ್ಸ್ದೆ. ಅವ್ನು ನಿಲ್ಸು ಅಂದದ್ದು ಹಬೆನ ಅಲ್ಲಾಂತ ಆಮೇಲಲ್ವಾ ನಂಗೆ ತೋಚಿದ್ದು."

ಅದು ಪೈಪಿನಲ್ಲಿ ನಿಂತ ನೀರಿನ ಹೊಡೆತ ಇರಬೇಕು ಕಣಮ್ಮ ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ತಲೆ ತಗ್ಗಿಸಿ ವಾಲ್ವು ತಿರುಗಿಸಿದೆ.

ಹೊಸ ವಾಲ್ವು ಹಾಕಿದ ಮೇಲೆ ಬಂಗಲೆಯ ಕೋಣೆಗಳೆಲ್ಲ ಬೆಚ್ಚಗಾದವು, ಹಿಂದಿನ ಕೋಣೆಯೊಂದನ್ನು ಬಿಟ್ಟು. ಅದಿರಲಿ ಬಿಡು ಎಂದ ಮ್ಯಾನೇಜರ್. ಬಿಟ್ಟರೆ ಉಳಿದವೂ ಕೆಡುತ್ತವೆ ಎಂದು ಬಾಯಿಗೆ ಬಂದದ್ದು ಹೇಳಿ ಬಾಗಿಲು ತೆಗೆಸಿದೆ. ಹಬೆ ಪೂರ್ತಿ ಮುಚ್ಚಿ, ಸೋರುವ ನೀರಿಗೆಂದು ಕೆಂಪಿಯೇ ಬಕೆಟ್ ತಂದಳು. ಮ್ಯಾನೇಜರ್ ಹೊಸ್ತಿಲು ದಾಟದೆ ನಿಂತ. ನಾನು ರೇಡಿಯೇಟರಿನ ಎರಡೂ ಕಡೆಯ ಪೈಪು ಬಿಚ್ಚಿ, ಅದನ್ನು ಗೋಡೆಯಿಂದ ಈಚೆಗೆ ಎಳೆದೆ. ಈಗ ಅದು ಯಾವುದಕ್ಕೂ ಸೇರದ ಬರೀ ಕಬ್ಬಿಣ.

ಆಗ ಅದು ಬಡಿಯಿತು. ಎರಡು ಏಟು, ತುಸು ತಡೆದು ಇನ್ನೊಂದು.

ಸ್ಪ್ಯಾನರ್ ತಾಕಿತೇನೋ ಎಂದು ಕೆಳಗಿಟ್ಟೆ. ಮತ್ತೆ ಬಡಿಯಿತು. ಅಂಗೈ ಇಟ್ಟು ನೋಡಿದೆ. ಹೆಣದಂತೆ ತಣ್ಣಗಿದ್ದ ಆ ಕಬ್ಬಿಣ ಒಂದೊಂದು ಏಟಿಗೂ ನನ್ನ ಕೈಯ ಕೆಳಗೆ ಅದುರುತ್ತಿತ್ತು. ಕೈ ಹಿಂದಕ್ಕೆ ಎಳೆದುಕೊಂಡೆ. ಕೆಂಪಿ ಹೆದರಲಿಲ್ಲ. ಬಕೆಟ್ ಕೆಳಗಿಟ್ಟು ಮ್ಯಾನೇಜರನ ಕಡೆ ತಿರುಗಿದಳು.

"ನಿಲ್ಸೋಕೆ ಹೇಳ್ತಾವ್ನೆ, ಮೊದಲಾಳಿ. ಏನ ನಿಲ್ಸ್ಬೇಕು ಅಂತ ನೀವೇ ಹೇಳಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೊಮ್ಮನ ಹೆಸರನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಆದರೂ ಆ ಮನುಷ್ಯ ಎರಡೂ ಕಿವಿ ಮುಚ್ಚಿಕೊಂಡು, "ಮದಿ, ಮದಿ" ಎಂದು ಮಲಯಾಳದಲ್ಲಿ ಸಾಕು ಸಾಕೆನ್ನುತ್ತ ಗೋಡೆಗೆ ಒರಗಿದ. "ಪಂಪ್ ಹೌಸಿನ ಹಿಂದೆ ಇದ್ದಾನೆ. ಹೊಡೆದದ್ದು ಪೊಲೀಸರು. ನಾನು ಈ ಬಾಗಿಲಲ್ಲಿ ನಿಂತಿದ್ದೆ, ಅಷ್ಟೇ" ಎಂದ. ಬಡಿತ ನಿಂತಿತು.

ಸಂಜೆಯೊಳಗೆ ಹಾಡಿಯವರು ಅಗೆದು ಬೊಮ್ಮನನ್ನು ತೆಗೆದರು. ಕೆಂಪಿ ತನ್ನವರ ಪದ್ಧತಿಯಂತೆ ಗಂಡನನ್ನು ಮಣ್ಣು ಮಾಡಿದಳು. ಹೊಡೆದವರೇ ದೂರು ಬರೆದುಕೊಳ್ಳಬೇಕಾಗಿದ್ದರಿಂದ ಕೇಸೇನೂ ಆಗಲಿಲ್ಲ. ಅವಳು ಮಾತ್ರ ಸೌದೆ ಹಾಕುವುದನ್ನು ಬಿಟ್ಟು, ದಿನವೂ ಬೆಳಿಗ್ಗೆ ಬಂದು ಬಂಗಲೆಯ ಅಂಗಳದಲ್ಲಿ ಕೂರತೊಡಗಿದಳು. ಬೈಯಲಿಲ್ಲ, ಅಳಲಿಲ್ಲ, ಸುಮ್ಮನೆ ಮ್ಯಾನೇಜರನನ್ನೇ ನೋಡುತ್ತಿದ್ದಳು. ಓಡಿಸಿದರೆ ಹಾಡಿಯ ಇನ್ನೊಬ್ಬಳು ಬಂದು ಕೂರುತ್ತಿದ್ದಳು. ಮಳೆಗಾಲ ಮುಗಿಯುವ ಮೊದಲೇ ಅವನು ಯಾರಿಗೂ ಹೇಳದೆ ಊರು ಬಿಟ್ಟ. ಅವನು ಎಲ್ಲೇ ಇರಲಿ, ಚೆನ್ನಾಗಿರದಿರಲಿ ಎಂದು ಇವತ್ತಿಗೂ ಹಾರೈಸುತ್ತೇನೆ.

ಆ ಸದ್ದಿಗೆ ಕಾರಣ ಹುಡುಕಿ ಹುಡುಕಿ ಸಾಕಾಗಿದ್ದೇನೆ. ಬಿಸಿಯಾದ ಕಬ್ಬಿಣ ತಣಿಯುವಾಗ ಟಿಕ್ ಎನ್ನುವುದುಂಟು, ಇದು ಬಿಸಿಯೇ ಆಗಿರಲಿಲ್ಲ. ನೀರು ಹೊಡೆಯಬೇಕಾದರೆ ಹಬೆ ಬೇಕು, ಹಬೆಗೆ ಪೈಪು ಬೇಕು. ಪೈಪನ್ನು ನಾನೇ ಬಿಚ್ಚಿಟ್ಟಿದ್ದೆ. ನನಗೆ ಗೊತ್ತಾಗಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅದಕ್ಕಾಗಿ ನನಗೇನೂ ಸಂಕಟವಿಲ್ಲ. ಇರುವುದು ಒಂದೇ ಸಿಟ್ಟು. ಅವನು ಬಾಯಿ ಬಿಟ್ಟ ಕೂಡಲೇ ಅದು ಯಾಕೆ ನಿಂತಿತು? ಬಡಿಯುತ್ತಿದ್ದವನು ನಾನಾಗಿದ್ದರೆ ನಿಲ್ಲಿಸುತ್ತಿರಲಿಲ್ಲ.