ಗೆದ್ದವನ ಮಿರ್ಚಿ

ಲೋಕಸಭೆ ಎಣಿಕೆಯ ದಿನ ಮಧ್ಯಾಹ್ನ ಬ್ಯಾಡಗಿಯಲ್ಲಿ ಒಂದು ಮಿರ್ಚಿ ಗಾಡಿಯ ಬೆಂಚಿನ ಮೇಲೆ ನಾನು ಒಬ್ಬನೇ ಕೂತಿದ್ದೆ. ಮುಂದೆ ಎರಡು ಪ್ಲೇಟು ಮಿರ್ಚಿ ಭಜಿ, ಮಂಡಕ್ಕಿ. ನಮ್ಮ ಬೂತಿನಲ್ಲಿ ನಮ್ಮ ಪಕ್ಷಕ್ಕೆ ಲೀಡ್ ಬಂದಿತ್ತು. ನಾನು ಬುದ್ಧಿ ಬಂದಾಗಿನಿಂದ ಕಾಯುತ್ತಿದ್ದ ಲೀಡ್. ಆದರೆ ಮಿರ್ಚಿ ರುಚಿಸುತ್ತಿರಲಿಲ್ಲ.

ಯಾಕೆ? ಅದಕ್ಕೆ ನಮ್ಮ ಬೂತಿನ ಚರಿತ್ರೆ ಸ್ವಲ್ಪ ಹೇಳಬೇಕು.

ನನ್ನ ಪ್ರಿಂಟಿಂಗ್ ಪ್ರೆಸ್ಸಿನ ಕಥೆ ಈ ಅಂಕಣದ ಓದುಗರಿಗೆ ಹೊಸದಲ್ಲ. ಎಲ್ಲ ಪಕ್ಷಗಳ ಕರಪತ್ರವನ್ನೂ ಒಂದೇ ಮಷೀನಿನಲ್ಲಿ ಅಚ್ಚು ಹಾಕಿದವನು ನಾನು. ವೋಟು ಮಾತ್ರ ಒಂದೇ ಪಕ್ಷಕ್ಕೆ. ಆ ಪಕ್ಷದ ಪೋಲಿಂಗ್ ಏಜೆಂಟ್ ಆಗಿ ಪ್ರತಿ ಚುನಾವಣೆಗೂ ಕನ್ನಡ ಶಾಲೆಯ ಬೂತಿನಲ್ಲಿ ಬೆಂಚಿನ ಎಡತುದಿ ನನ್ನದು. ಬಲತುದಿಯಲ್ಲಿ ಎದುರು ಪಕ್ಷದ ಏಜೆಂಟ್ ಶಿವಪ್ಪ.

ಶಿವಪ್ಪನಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಸಂಸಾರವೂ ಅಲ್ಲೇ. ಆದರೆ ವೋಟನ್ನು ಮಾತ್ರ ಬ್ಯಾಡಗಿಯಿಂದ ಕದಲಿಸಿಲ್ಲ. ಚುನಾವಣೆ ಬಂತೆಂದರೆ ಮೊದಲ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಇಳಿಯುತ್ತಿದ್ದ. ಇಬ್ಬರಿಗಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ. ನಮ್ಮಿಬ್ಬರ ಸ್ನೇಹ ಅಂದರೆ ಅಷ್ಟೇ. ನಡುವೆ ಯಾವುದಾದರೂ ಮದುವೆಯಲ್ಲಿ ಸಿಕ್ಕರೆ ಸಿಕ್ಕೆವು. ಕೂತು ಮಾತಾಡುವುದು ಬೂತಿನಲ್ಲಿ.

ಬೂತಿನೊಳಗೆ ವೈರಿಗಳು ಏನು ಮಾತಾಡುತ್ತಾರೆ ಅಂತೀರಾ? ಊರನ್ನೇ ಮಾತಾಡುತ್ತಾರೆ. ಒಬ್ಬೊಬ್ಬರಾಗಿ ಒಳಗೆ ಬರುತ್ತಾರಲ್ಲ, ಅವರ ಮನೆಯ ಪೂರ್ತಿ ಪುರಾಣ ಪಿಸುಮಾತಿನಲ್ಲಿ ಮುಗಿಯಬೇಕು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾರ ಮೊಣಕಾಲು ಕೈಕೊಟ್ಟಿದೆ. ಹೊಸದಾಗಿ ಬಂದ ಸೊಸೆ ಯಾರ ಮನೆಯವಳೆಂಬ ಅನುಮಾನ ಅಧಿಕಾರಿಗಳಿಗೆ ಬಂದರೆ ಇಬ್ಬರೂ ಒಟ್ಟಿಗೇ ಸಾಕ್ಷಿ ಹೇಳುತ್ತಿದ್ದೆವು. ಹೊರಗಿನಿಂದ ಬಂದ ಅಧಿಕಾರಿಗಳು ಮಾರ್ಕೆಟ್ಟಿನ ಮೆಣಸಿನಕಾಯಿ ಘಾಟಿಗೆ ದಿನವಿಡೀ ಸೀನುತ್ತಿದ್ದರು. ಅವರನ್ನು ನೋಡಿ ನಗುವುದರಲ್ಲೂ ನಮ್ಮದು ಮೈತ್ರಿಕೂಟ.

ನಾನು ವೋಟು ಹಾಕಲು ಎದ್ದಾಗ ಮಾತ್ರ ಶಿವಪ್ಪ ವೈರಿಯಾಗುತ್ತಿದ್ದ. ಅಧಿಕಾರಿ ನನ್ನ ಹೆಸರು ಗಟ್ಟಿಯಾಗಿ ಓದಿದ ಕೂಡಲೇ ಮುಖ ಗಂಟಿಕ್ಕಿಕೊಂಡು ಹೇಳುವನು: “ಸಾಹೇಬ್ರ, ಈ ಮನಶ್ಯಾ ಯಾರಂತ ನನಗ ಗೊತ್ತಿಲ್ರಿ. ಸ್ವಲ್ಪ ಚೊಲೋತ್ನಂಗ ನೋಡ್ರಿ.”

ಬೆಳಗಿನಿಂದ ಮೈಗೆ ಮೈ ಹಚ್ಚಿ ಕೂತವನ ಬಾಯಲ್ಲಿ ಇಂಥ ಮಾತು! ಪಾಪ, ಅಧಿಕಾರಿ ಗಾಬರಿಯಾಗಿ ನನ್ನ ಮುಖವನ್ನೂ ಫೋಟೊವನ್ನೂ ನೋಡಿದ್ದೇ ನೋಡಿದ್ದು. ಆಮೇಲೆ ಇಡೀ ಖೋಲಿ ನಗುತ್ತಿತ್ತು. ಅವನ ಸರದಿ ಬಂದಾಗ ನಾನು ಬಡ್ಡಿ ಸಮೇತ ತೀರಿಸುತ್ತಿದ್ದೆ.

ನಮ್ಮದೊಂದು ಕರಾರಿತ್ತು. ಕ್ಷೇತ್ರದಲ್ಲಿ ಯಾರೇ ಗೆಲ್ಲಲಿ, ನಮಗೆ ಲೆಕ್ಕ ನಮ್ಮ ಬೂತಿನದು. ಬೂತಿನಲ್ಲಿ ಗೆದ್ದವನು ಸೋತವನಿಗೆ ಮಿರ್ಚಿ ತಿನ್ನಿಸಬೇಕು. (ಬ್ಯಾಡಗಿ ಮೆಣಸಿನಕಾಯಿಯ ಮಿರ್ಚಿಯಾ ಅಂತ ಕೇಳಬೇಡಿ. ಅದು ಬಣ್ಣಕ್ಕೆ. ಮಿರ್ಚಿಗೆ ಹಸಿ ಮೆಣಸಿನಕಾಯಿಯೇ ಬೇಕು.) ಬ್ಯಾಲೆಟ್ ಕಾಗದದ ಕಾಲದಲ್ಲಿ ಬೂತಿನ ಲೆಕ್ಕ ಸಿಗದೆ ಬರೀ ಅಂದಾಜಿನ ಮೇಲೆ ಜಗಳವಾಡುತ್ತಿದ್ದೆವು. ಮಷೀನು ಬಂದ ಮೇಲೆ ಜಗಳಕ್ಕೂ ಜಾಗವಿಲ್ಲ. ಧಾರವಾಡ ದಕ್ಷಿಣ ಅನ್ನುತ್ತಿದ್ದ ನಮ್ಮ ಕ್ಷೇತ್ರ ಹಾವೇರಿ ಆಯಿತು. ಗಾಳಿ ಅತ್ತ ಬೀಸಿತು, ಇತ್ತ ಬೀಸಿತು. ನಮ್ಮ ಪಕ್ಷ ದಿಲ್ಲಿಯವರೆಗೂ ಗೆದ್ದದ್ದುಂಟು. ನಮ್ಮ ಬೂತಿನಲ್ಲಿ ಮಾತ್ರ ಒಮ್ಮೆಯೂ ಇಲ್ಲ. ಹೀಗಾಗಿ ನಮ್ಮ ಬೂತಿನ ಚುನಾವಣಾ ಚರಿತ್ರೆ ಅಂದರೆ ನಾನು ಪುಕ್ಕಟೆ ತಿಂದ ಮಿರ್ಚಿಯ ಚರಿತ್ರೆ.

ಸೋತೂ ಸೋತೂ ನಾನು ಕೊರಗಿದ್ದೆನೇ? ಸುಳ್ಳು ಯಾಕೆ ಹೇಳಲಿ, ಇಲ್ಲ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಫ್ಲೆಕ್ಸ್ ಬಂದ ಮೇಲೆ ಪ್ರೆಸ್ಸಿನ ಸದ್ದೂ ನಿಂತಿತು. ಉಳಿದವರಿಗೆ ಚುನಾವಣೆ ಅಂದರೆ ಸರ್ಕಾರ ಬದಲಾಗುವ ಹೊತ್ತು. ನನಗೆ ಶಿವಪ್ಪ ಬರುವ ಹೊತ್ತು.

ಈ ಸಲ ಏನಾಯಿತೆಂದರೆ, ಶಿವಪ್ಪನ ಪಕ್ಷದ ದೊಡ್ಡ ಸಾಹೇಬರು ರಾತ್ರೋರಾತ್ರಿ ನಮ್ಮ ಪಕ್ಷಕ್ಕೆ ಹಾರಿದರು. ಟಿಕೆಟ್ಟೂ ತಂದರು. ಸಾಹೇಬರ ಹಿಂದೆ ಅವರ ಜನರೂ ಬಂದರು. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಹಾಗೆ. ತೂರಿಕೊಂಡವರ ಕೈಗೆ ಕಾಳು ಬಂತು. ಇಷ್ಟು ವರ್ಷ ಮೊರ ಹಿಡಿದು ನಿಂತಿದ್ದ ನಮ್ಮಂಥವರ ಕಣ್ಣಿಗೆ ಹೊಟ್ಟು.

ನಮ್ಮ ಪಕ್ಷದ ತಾಲ್ಲೂಕು ಲೀಡರ್ ಮನೆಗೆ ಬಂದ. ಚಹಾ ಕುಡಿದ. ಬಿಸಿಲು ಭಾಳ ಐತಿ ಅಂದ. ನನ್ನ ಬಿಪಿ ವಿಚಾರಿಸಿದ. ಇವನಿಗೆ ನನ್ನ ಬಿಪಿ ಯಾಕೆ ಅಂದುಕೊಳ್ಳುವಷ್ಟರಲ್ಲಿ ವಿಷಯ ಹೊರಬಂತು. “ಕಾಕಾ, ಈ ಸಲ ನೀವ ಆರಾಮ ಮಾಡ್ರಿ. ಏಜೆಂಟ್ರು ಸಾಹೇಬ್ರ ಕಡೆಯವ್ರ ಆಗಬೇಕಂತ.”

ಯಾರು ಅಂತ ಕೇಳಿದೆ. ಅವನು ಲೋಟದ ಕಡೆ ನೋಡುತ್ತ ಶಿವಪ್ಪನ ಹೆಸರು ಹೇಳಿದ.

ನನಗೆ ಸಿಟ್ಟು ಬಂತು. ಶಿವಪ್ಪ ಒಂದು ಫೋನೂ ಮಾಡಲಿಲ್ಲವಲ್ಲ ಅಂತ ಇನ್ನೂ ಹೆಚ್ಚು ಬಂತು. ನಾನೂ ಮಾಡಲಿಲ್ಲ. ವೈರಿ ಎದುರಿಗಿದ್ದಾಗ ನನಗೊಂದು ಜಾಗವಿತ್ತು. ವೈರಿ ನಮ್ಮ ಕಡೆಗೆ ಬಂದ, ನನ್ನ ಜಾಗ ಹೋಯಿತು. ಯಾರಿಗೆ ಹೇಳಲಿ ಇದನ್ನು?

ಮತದಾನದ ದಿನ ಬೇಕೆಂದೇ ತಡಮಾಡಿ ಹೋದೆ. ಎಲ್ಲರಂತೆ ಪಾಳಿಯಲ್ಲಿ ನಿಂತೆ. ಬಾಗಿಲಿನಿಂದಲೇ ಕಂಡಿತು: ಬೆಂಚಿನ ಎಡತುದಿಯಲ್ಲಿ, ನನ್ನ ಜಾಗದಲ್ಲಿ, ಶಿವಪ್ಪ. ಬಲತುದಿಯಲ್ಲಿ ಯಾರೋ ಹೊಸ ಮನುಷ್ಯ ಆಕಳಿಸುತ್ತಿದ್ದ. ನಡುವೆ ಒಂದು ಬುತ್ತಿ ಡಬ್ಬಿ. ಅದಿನ್ನೂ ಬಿಚ್ಚಿರಲಿಲ್ಲ.

ಅಧಿಕಾರಿ ನನ್ನ ಹೆಸರು ಗಟ್ಟಿಯಾಗಿ ಓದಿದರು. ನಾನು ಕಾದೆ. ಈಗ ಮುಖ ಗಂಟಿಕ್ಕುತ್ತಾನೆ, ಈಗ ಹೇಳುತ್ತಾನೆ. ಇಷ್ಟು ದಿನದ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿದುಹೋಗಲು ತಯಾರಾಗಿತ್ತು.

ಶಿವಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಮತ್ತೆ ತಲೆ ಬಗ್ಗಿಸಿ ತನ್ನ ಹಾಳೆಯಲ್ಲಿ ಗುರುತು ಹಾಕಿಕೊಂಡ. “ಗೊತ್ತದಾರ್ರಿ,” ಅಂದ. “ನಮ್ಮವ್ರ.”

ನಮ್ಮವರು! ಗೊತ್ತಿಲ್ಲ ಅಂದಷ್ಟು ದಿನವೂ ಅವನು ನನ್ನವನಾಗಿದ್ದ. ನಮ್ಮವರು ಅಂದ ಆ ಗಳಿಗೆಗೆ ಬೇರೆಯವನಾದ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಬಟನ್ ಒತ್ತಿ, ಹಿಂದೆ ನೋಡದೆ ಹೊರಬಂದೆ. ಯಾವ ಬಟನ್ ಅಂತ ಹೇಳುವುದಿಲ್ಲ. ಪಕ್ಷ ನನ್ನನ್ನು ಬಿಟ್ಟರೂ ನಾನು ಬಿಡುವ ಪೈಕಿ ಅಲ್ಲ ಅಂತ ಮಾತ್ರ ತಿಳಿದುಕೊಳ್ಳಿ.

ಎಣಿಕೆಯ ದಿನ ಬೂತಿನ ಲೀಡ್ ವಾಟ್ಸಾಪಿಗೆ ಬಂತು. ಕಾಲು ತಾವೇ ಮಿರ್ಚಿ ಗಾಡಿಯತ್ತ ನಡೆದವು. ಗಾಡಿಯ ಗಂಗವ್ವ ನನ್ನನ್ನು ನೋಡಿದ್ದೇ ತಡ, ಕೇಳದೇ ಎರಡು ಪ್ಲೇಟು ಹಾಕಿದಳು. ಎಣಿಕೆ ದಿನದ ರೂಢಿ ಅವಳಿಗೂ ಗೊತ್ತು. ಶಿವಪ್ಪ ಸಾಹುಕಾರರು ಹಿಂದೆ ಬರುತ್ತಿದ್ದಾರಾ ಅಂತ ವಿಚಾರಿಸಿದಳು. ಬರಬಹುದು ಅಂದೆ.

ಕಾದು ಕಾದು ನಾನೇ ಫೋನ್ ಮಾಡಿದೆ. ಶಿವಪ್ಪ ಹಾವೇರಿಯಲ್ಲಿದ್ದ, ಎಣಿಕೆ ಕೇಂದ್ರದ ಹೊರಗೆ. ಹಲಗೆ ಬಾರಿಸುವ ಸದ್ದಿನಲ್ಲಿ ಮಾತೇ ಕೇಳುತ್ತಿರಲಿಲ್ಲ. ಬೂತು ಗೆದ್ದಿದ್ದೇನೆ, ಬಾ, ಮಿರ್ಚಿ ತಿನ್ನಿಸುತ್ತೇನೆ ಅಂದೆ.

“ಸೋತಾಂವಗ ಅಲ್ಲೇನೋ ತಿನಸೂದು?” ಅಂದ. “ನಾನೂ ಗೆದ್ದೇನಲೋ ಮಾರಾಯಾ.”

ಅವನು ಹೇಳಿದ್ದು ಸರಿಯೇ. ಕರಾರು ಕರಾರೇ. ಅವನು ಗದ್ದಲದಿಂದ ಸ್ವಲ್ಪ ದೂರ ಬಂದಿರಬೇಕು, ದನಿ ಸಣ್ಣದಾಯಿತು. “ಆ ಬೆಂಚಿನ ಮ್ಯಾಲ ಹೊತ್ತ ಹೋಗಲಿಲ್ಲ ನೋಡು. ಬಾಜೂಕ ಕುಂತಾಂವಗ ಊರಾಗಿನ ಒಬ್ರೂ ಗೊತ್ತಿಲ್ಲ. ರೊಟ್ಟಿ ವಾಪಸ್ ಮನೀಗೆ ಒಯ್ದೆ.”

ಅಷ್ಟರಲ್ಲಿ ಯಾರೋ ಅವನನ್ನು ಕೂಗಿದರು. ಮೆರವಣಿಗೆ ಹೊರಟಿತ್ತು. ಫೋನ್ ಇಟ್ಟ.

ಗಂಗವ್ವ ಎರಡನೇ ಪ್ಲೇಟನ್ನು ಕಾಗದದಲ್ಲಿ ಕಟ್ಟಿಕೊಟ್ಟಳು. ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಮರುದಿನ ಅದನ್ನು ಎಸೆಯುವಾಗ ನನಗೇ ನನ್ನ ಮೇಲೆ ಕನಿಕರ ಬಂತು.

ಇಷ್ಟು ವರ್ಷಕ್ಕೆ ಮೊದಲ ಸಲ ಬೂತು ಗೆದ್ದಿದ್ದೇನೆ. ನಿಮ್ಮಲ್ಲಿ ಸೋತವರು ಯಾರಾದರೂ ಇದ್ದರೆ, ದಯವಿಟ್ಟು ಮಿರ್ಚಿ ತಿನ್ನಲು ಬರುತ್ತೀರಾ?