ಸಾಲಾಗಿಟ್ಟ ಚಪ್ಪಲಿಗಳು

ಔರಾದದಿಂದ ಭಾವನ ಫೋನ್ ಬಂತು. ಅಕ್ಕನ ಗಂಡ, ಮಾತು ಕಡಿಮೆ. ನಿಂತುಕೊಂಡೇ ಫೋನ್ ಎತ್ತಿದವಳು ಕೊನೆಗೆ ಕುರ್ಚಿ ಹುಡುಕಿದೆ.

"ಸುಜಾತಾ ವೆಬ್ ಅಪ್ಲಿಕೇಶನ್ ಮಾಡೋ ಕೋರ್ಸ್ ಕಲೀತೇನಿ ಅಂತಾಳ್ರಿ. ಬೀದರದಾಗ ಎರಡು ಕಡಿ ಅದ ಅಂತ. ಯಾವುದು ಛಲೋ ಅದ, ನೀವೇ ನೋಡಿ ಹೇಳ್ರಿ. ನೀವು ಅಂದದ್ದೇ ಕಡೀ ಮಾತು. ಆದ್ರ ಒಂದೇ ಸಲ. ಇದು ಕೆಟ್ರ ವರ ನೋಡೋದು ಸುರು."

ಅಕ್ಕನ ಮಗಳ ಮುಂದಿನ ಬದುಕು. ಆರಿಸಬೇಕಾದವಳು ನಾನು. ನನಗೋ ವೆಬ್ ಅಪ್ಲಿಕೇಶನ್ ಎಂದರೇನು ಎಂಬುದೇ ಗೊತ್ತಿಲ್ಲ!

ಭಾಲ್ಕಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ಕಲಿತದ್ದೂ ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಶಾಲೆಯಲ್ಲಿ. ನಿವೃತ್ತಿಯಾದರೂ ತಲೆಯೊಳಗಿನ ಗಂಟೆ ನಿಂತಿಲ್ಲ. ಯಾರೇನು ಕೇಳಿದರೂ ತಕ್ಷಣ ಉತ್ತರ ಕೊಡುವ ಚಟವೂ ಬಿಟ್ಟಿಲ್ಲ. (ಉತ್ತರ ಗೊತ್ತಿರಲೇಬೇಕು ಎಂದೇನಿಲ್ಲ.)

ಸುಜಾತಾ ಬಟ್ಟೆಬರೆ ಕಟ್ಟಿಕೊಂಡು ಭಾಲ್ಕಿಯ ನಮ್ಮ ಮನೆಗೆ ಬಂದಳು. ಬಿ.ಎಸ್ಸಿ. ಮುಗಿಸಿದ ಹುಡುಗಿ. ಅಮ್ಮನ ತಂಗಿಯಾದ ನನ್ನನ್ನು ಮಾವಶಿ ಎನ್ನುತ್ತಾಳೆ.

"ವೆಬ್‌ಸೈಟ್ ಅಂದ್ರ ಗ್ವಾಡಿಗಿ ಹಚ್ಚಿದ ಪೋಸ್ಟರ್ ಇದ್ದಂಗ ಮಾವಶಿ. ಬರೇ ಓದೋದು. ಅಪ್ಲಿಕೇಶನ್ ಹಂಗಲ್ಲ. ನೀವು ರೈಲಿನ ಟಿಕೆಟ್ ತೆಗೀತೀರಲ್ಲ? ನೀವು ಕೇಳ್ತೀರಿ, ಅದು ಉತ್ರ ಕೊಡ್ತದ."

ಇಷ್ಟು ಜ್ಞಾನ ಹೊತ್ತು ಇಬ್ಬರೂ ಬೀದರದ ಬಸ್ಸು ಹತ್ತಿದೆವು.

ಮೊದಲನೆಯದು ಬಸ್ ಸ್ಟ್ಯಾಂಡಿನ ಸಮೀಪ. ನಾನು ಬೋರ್ಡ್ ನೋಡಲಿಲ್ಲ, ಬಾಗಿಲ ಹೊರಗಿನ ಚಪ್ಪಲಿ ನೋಡಿದೆ. ಹಾಸ್ಟೆಲಿನ ಯಾವುದೇ ಕೋಣೆಯ ಹಣೆಬರಹವನ್ನು ನಾನು ಓದುತ್ತಿದ್ದದ್ದು ಅಲ್ಲಿಯೇ. ಇಲ್ಲಿ ಎಲ್ಲವೂ ಸಾಲಾಗಿದ್ದವು, ಅಳತೆಪಟ್ಟಿ ಇಟ್ಟು ಜೋಡಿಸಿದ ಹಾಗೆ. ಒಳಗೆ ಎಸಿ. ತುಟಿಪಿಟಕ್ಕೆನ್ನದ ಮಕ್ಕಳು ಬೋರ್ಡಿನ ಮೇಲೆ ಸರ್ ಬರೆದದ್ದನ್ನು ತಲೆತಗ್ಗಿಸಿ ಟೈಪ್ ಮಾಡುತ್ತಿದ್ದರು. ನನ್ನ ಮನಸ್ಸು ತಂಪಾಯಿತು.

ಎರಡನೆಯದು ಊರಂಚಿನ ನೌಬಾದದಲ್ಲಿ. ಹೊರಗೆ ಚಪ್ಪಲಿಗಳ ರಾಶಿ, ಒಂದಂತೂ ಬೋರಲು ಬಿದ್ದಿತ್ತು. ಒಳಗೆ ಗದ್ದಲ. ಸ್ಕ್ರೀನ್ ತುಂಬ ಕೆಂಪಕ್ಷರ. ಇಬ್ಬರು ಹುಡುಗಿಯರು ಒಂದೇ ಕಂಪ್ಯೂಟರಿಗೆ ಜಗಳಾಡುತ್ತಿದ್ದರು.

"ಇದೇನ್ರಿ, ಸಂತಿ ನೆರದಂಗ?" ಎಂದೆ.

ಕಲಿಸುವಾಕೆ ನಕ್ಕಳು. "ಅವರು ಮಾಡಿದ್ದು ಕೆಟ್ಟದರಿ, ಅದಕ್ಕ ಕೆಂಪಕ್ಷರ. ಯಾಕ ಕೆಟ್ಟದ ಅಂತ ಹುಡುಕ್ಲಿಕತ್ತಾರ."

"ನೀವು ಹೇಳಬಾರದೇನು?"

"ಹೇಳಿದ್ರ ನಾ ಕಲೀತೇನ್ರಿ. ಅವರು ಹ್ಯಾಂಗ ಕಲೀತಾರ?"

ಸುಜಾತಾ ಅಲ್ಲೇ ನಿಂತಿದ್ದಳು, ಕಣ್ಣು ಕೆಂಪಕ್ಷರದ ಮೇಲೆ. ನಾನು ಅವಳ ತೋಳು ಹಿಡಿದು ಹೊರಗೆ ಕರೆತಂದೆ. ಬಸ್ಸಿನಲ್ಲೇ ಭಾವನಿಗೆ ಫೋನ್ ಮಾಡಿ ಹೇಳಿದೆ: ಬಸ್ ಸ್ಟ್ಯಾಂಡಿನದೇ ಸೈ.

ಅಲ್ಲಿ ಮೊದಲ ವಾರ ಡೆಮೊ ಕ್ಲಾಸು. ಫೀ ಕಟ್ಟಿ ಹೆಸರು ಹಚ್ಚುವುದು ಆಮೇಲೆ. ಸುಜಾತಾ ದಿನವೂ ಹೋಗಿ ಬಂದಳು. ವಾರದ ಕೊನೆಗೆ, ತಾನು ಮಾಡಿದ ಪುಟವನ್ನು ಫೋನಿನಲ್ಲಿ ತೋರಿಸಿದಳು. ನೀಲಿ ಬಣ್ಣ, ಚೆಂದದ ಅಕ್ಷರ, ಕೆಳಗೆ ದುಂಡಗಿನ ಬಟನ್. ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ.

"ಉತ್ತರ ಕೊಡ್ತದ ಅಂದಿದ್ದ್ಯಲ್ಲ?"

"ಸರ್ ಬೋರ್ಡಿನ ಮ್ಯಾಲ ಬರೆದದ್ದು ನಕಲ್ ಮಾಡಿದ್ವಿ ಮಾವಶಿ. ಬಟನ್ ಅದ, ಹಿಂದ ಏನಿಲ್ಲ. ಯಾಕ ಅಂತ ಕೇಳಿದ್ರ, ಸುಮ್ನ ಬರಕೋರಿ ಅಂತಾರ."

"ಯಾವಾಗ ಗೊತ್ತಾಯಿತು?"

"ಮೊದಲ ದಿನಾನೇ."

"ಮತ್ತ ಹೇಳಬಾರದಿತ್ತೇನು?"

ಅವಳು ಫೋನ್ ಆರಿಸಿದಳು. "ನೀವು ಹೂಂ ಅಂದಿದ್ರಲ್ಲ ಮಾವಶಿ."

ಒಂದೇ ಅವಕಾಶ ಅವಳದು. ಅದು ಕಣ್ಣೆದುರೇ ಜಾರುತ್ತಿದ್ದರೂ ತುಟಿ ಬಿಚ್ಚಿಲ್ಲ! ಬಸ್ ಸ್ಟ್ಯಾಂಡಿನ ಆ ಕ್ಲಾಸಿನಲ್ಲಿ ನನಗೆ ಅಷ್ಟು ಹಿಡಿಸಿದ ಮೌನ, ನನ್ನ ಮನೆಯಲ್ಲೂ ಹೀಗೆ ಕೂತಿದೆಯಲ್ಲ?

ಆಗಲೇ ಭಾವನಿಗೆ ಫೋನ್ ಹಚ್ಚಿದೆ. ನಾನು ಆರಿಸಿದ್ದು ಸರಿಯಿಲ್ಲ, ನೌಬಾದವೇ ಆಗಬೇಕು ಎಂದೆ. ಹೋಯಿತು, ವರ ನೋಡುತ್ತಾರೆ ಎಂದುಕೊಂಡೆ.

"ಹೋದ ವಾರ ಸೈ ಅಂದ್ರಿ, ಈ ವಾರ ಬ್ಯಾಡ ಅಂತೀರಿ," ಎಂದರು ಭಾವ. "ಅದರ ಗ್ಯಾರಂಟಿ ಕೊಡ್ತೀರೇನ್ರಿ?"

ಹೂಂ ಎಂದರೆ ಮುಗಿಯುತ್ತಿತ್ತು. ಗೊತ್ತಿಲ್ಲದೆ ಒಮ್ಮೆ ಹೂಂ ಎಂದದ್ದಕ್ಕೇ ಇಷ್ಟಾಗಿದೆ. "ಗ್ಯಾರಂಟಿ ನನ್ನ ಹತ್ರ ಇಲ್ರಿ. ಕಲಿಯೋ ಹುಡುಗಿನ್ನ ಕೇಳ್ರಿ," ಎಂದು ಫೋನನ್ನು ಸುಜಾತಾಳ ಕೈಗಿತ್ತೆ.

"ಬಾಬಾ," ಎಂದು ಅಪ್ಪನನ್ನು ಕರೆದಳು. "ನೌಬಾದಕ್ಕ ಹೋಗ್ತೇನಿ ಬಾಬಾ. ಅಲ್ಲಿ ಕೆಟ್ಟದ್ದು ರಿಪೇರಿ ಮಾಡೋದು ಕಲಸ್ತಾರ." ದನಿ ಸಣ್ಣಗಿತ್ತು, ಆದರೆ ತಡವರಿಸಲಿಲ್ಲ. ಭಾವ ಹೂಂಗುಟ್ಟಿದ್ದು ನನಗೂ ಕೇಳಿತು. ಸೋಮವಾರದಿಂದ ಅಲ್ಲಿಗೆ ಹೋಗುತ್ತಿದ್ದಾಳೆ.

ನಾನು ನೆಮ್ಮದಿಯಾಗಿರಬೇಕಿತ್ತು. ಆದರೆ ಅಪ್ಪನೊಂದಿಗೆ ಅಷ್ಟು ಮಾತಾಡುವಾಗಲೂ ಅವಳ ಕಣ್ಣು ಒಪ್ಪಿಗೆ ಹುಡುಕುತ್ತ ನನ್ನ ಮುಖದ ಮೇಲೇ ಇತ್ತು. ಅಂದು ಬಾಗಿಲ ಹೊರಗೆ ಅವಳ ಚಪ್ಪಲಿ ಗೋಡೆಗೆ ಒತ್ತಿ ಸಾಲಾಗಿದ್ದವು.

ನನ್ನ ಈ ಮುಖ ಎದುರಿಗಿಲ್ಲದ ದಿನ, ಅವಳು ಯಾರನ್ನು ನೋಡಿ ಬಾಯಿ ಬಿಡುತ್ತಾಳೆ?